ಷಡ್ಡಕನ ಕಂಪ್ಯೂಟರು

ಅಸೂಯೆಯೆಂಬುದು ಮನುಷ್ಯನ ಭಾವಗಳಲ್ಲೆಲ್ಲ ಅತ್ಯಂತ ಪುರಾತನವಾದುದು. ರಾಜ್ಯಗಳು ಉರುಳಿದ್ದು, ಒಡಹುಟ್ಟಿದವರು ಕತ್ತಿ ಹಿರಿದದ್ದು, ವಂಶಗಳು ಹೇಳಹೆಸರಿಲ್ಲದೆ ಹೋದದ್ದು, ಇವೆಲ್ಲದರ ಬುಡ ಕೆದಕಿದರೆ ಒಂದು ಸಿಂಹಾಸನ ಸಿಕ್ಕೇ ಸಿಗುತ್ತದೆ. ನನ್ನ ಪ್ರಕರಣದಲ್ಲಿ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕುರ್ಚಿ. ನೀಲಿ ಬಣ್ಣದ್ದು, ಒಂದು ಕಾಲು ಸ್ವಲ್ಪ ಸೊಟ್ಟ.

ಮಧುಗಿರಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಆ ಕುರ್ಚಿಯ ಮೇಲೆ ಕೂತು, ಹೆಂಡತಿ ಮಾಡಿದ್ದನ್ನು ಕ್ಯಾಮೆರಾ ಮುಂದೆ ರುಚಿ ನೋಡಿ ಅಭಿಪ್ರಾಯ ಹೇಳುವುದು ನನ್ನ ಹುದ್ದೆಯಾಗಿತ್ತು. ಸರ್ವೆ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಸಿಕ್ಕ ಏಕೈಕ ಹುದ್ದೆ. ಹೆಂಡತಿ ಅಡುಗೆಯ ವಿಡಿಯೊ ಮಾಡಿ ಅಂತರ್ಜಾಲದಲ್ಲಿ ಹಾಕುವ ಚಾನೆಲ್ಲೊಂದನ್ನು ಶುರುಮಾಡಿದ್ದಳು. ಮೊಬೈಲನ್ನು ಒಂದು ಮೂರುಕಾಲಿನ ಕಡ್ಡಿಗೆ ಸಿಕ್ಕಿಸಿ, ಹುರುಳಿಕಾಳಿನ ಬಸ್ಸಾರು, ಹುಣಸೆಚಿಗುರಿನ ಚಟ್ನಿ, ಹುಚ್ಚೆಳ್ಳುಪುಡಿ, ಹೀಗೆ ನಮ್ಮ ಸೀಮೆಯ ಅಡುಗೆಯನ್ನೆಲ್ಲ ಚಿತ್ರಿಸಿಕೊಳ್ಳುತ್ತಿದ್ದಳು. ಆಮೇಲೆ ಅದನ್ನು ಮನೆಯ ಕಂಪ್ಯೂಟರಿಗೆ ಹಾಕಿ, ಒಗ್ಗರಣೆ ಸೀದ ಭಾಗ ಕತ್ತರಿಸಿ, ಕೊಳಲಿನ ಸಂಗೀತ ಅಂಟಿಸಿ, ಅಕ್ಷರ ಕೂರಿಸಿ ಲೋಕಕ್ಕೆ ಬಿಡುತ್ತಿದ್ದಳು. ಪ್ರತಿ ವಿಡಿಯೊದ ಕೊನೆಗೆ ನಾನು.

ನನ್ನ ಅಭಿಪ್ರಾಯಗಳು ಚುಟುಕಾಗಿಯೂ ನಿಷ್ಪಕ್ಷಪಾತವಾಗಿಯೂ ಇರುತ್ತಿದ್ದವು. 'ಉಪ್ಪು ಸರಿಯಾಗಿದೆ. ಹುಳಿ ಸರಿಯಾಗಿದೆ. ಖಾರ ಒಪ್ಪತಕ್ಕದ್ದಾಗಿದೆ' ಎನ್ನುತ್ತಿದ್ದೆ. ಒಬ್ಬ ವೀಕ್ಷಕ ಕೆಳಗೆ ಬರೆದಿದ್ದ: 'ಈ ಯಜಮಾನ್ರು ಊಟ ಮಾಡ್ತಾವ್ರೋ, ಸ್ಥಳ ಪರಿಶೀಲನೆ ಮಾಡ್ತಾವ್ರೋ?' ಅದನ್ನು ನಾನು ಮೆಚ್ಚುಗೆಯೆಂದೇ ತೆಗೆದುಕೊಂಡೆ.

ಇನ್ನು ಕಂಪ್ಯೂಟರಿನ ಸಂಗತಿ. ಅದನ್ನು ಕೊರಟಗೆರೆಯ ಒಂದು ಅಂಗಡಿಯಿಂದ ತಂದು ಹಜಾರದ ಮೇಜಿನ ಮೇಲಿಡಲು ಹೋದಾಗ ಅವ್ವ ಅಡ್ಡ ಬಂದಳು. ನಮ್ಮ ತಾಯಿ ದೊಡ್ಡೇರಿ ಕಡೆಯ ಕುರಿಹಟ್ಟಿಯಲ್ಲಿ ಹುಟ್ಟಿ ಬೆಳೆದವಳು. ನಮ್ಮ ಕುಲದವರು ಈಗ ಕುರಿ ಬಿಟ್ಟು ಕಚೇರಿ, ಶಾಲೆ, ಬಸ್ಸು ಡಿಪೋ ಎಂದು ಚದುರಿದ್ದರೂ ಒಂದು ಪದ್ಧತಿ ಬಿಟ್ಟಿಲ್ಲ. ಮರ್ಯಾದೆಗೆ ಅರ್ಹವಾದದ್ದು ಯಾವುದನ್ನೂ ಬರಿ ನೆಲದ ಮೇಲಾಗಲಿ ಬರಿ ಹಲಗೆಯ ಮೇಲಾಗಲಿ ಕೂರಿಸುವುದಿಲ್ಲ. ಕರಿಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಕೂರಿಸುತ್ತೇವೆ. ಅದಕ್ಕೆ ಗದ್ದಿಗೆ ಎನ್ನುತ್ತೇವೆ. ದೇವರಿಗೆ ಗದ್ದಿಗೆ, ಮದುಮಗನಿಗೆ ಗದ್ದಿಗೆ, ನ್ಯಾಯ ಹೇಳಲು ಬಂದ ಹಿರಿಯರಿಗೆ ಗದ್ದಿಗೆ.

'ಇದು ಮಿಷಿನ್ನು ಕಣವ್ವ' ಎಂದೆ.

'ಮಾತಾಡ್ತದಾ?'

'ಮಾತಾಡ್ತದೆ.'

'ಹಾಡ್ತದಾ?'

'ಹಾಡ್ತದೆ.'

'ಕೇಳಿದ್ದುಕ್ಕೆ ಉತ್ರ ಹೇಳ್ತದಾ?'

'ಹೇಳ್ತದೆ.'

'ಇಷ್ಟೆಲ್ಲಾ ಮಾಡೋದನ್ನ ಬೋಳು ಮೇಜಿನ್ಮ್ಯಾಲೆ ಕುಂಡ್ರುಸ್ತೀನಿ ಅಂತೀಯಲ್ಲಾ, ನಿಂಗೆ ಓದ್ಸಿದ್ದೆಲ್ಲಾ ದಂಡ ಕಣ್ಲಾ. ಅತ್ಲಾಗಿ ಬುಡು, ನಾನ್ ಹಾಸ್ತೀನಿ.'

ತನ್ನ ತವರಿನವರು ಕೈಯಲ್ಲಿ ನೇಯ್ದ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದು ಹಾಸಿದಳು. ಕಂಪ್ಯೂಟರಿನ ಮೆದುಳಿರುವ ಕಪ್ಪು ಡಬ್ಬವನ್ನು ಅದರ ಮೇಲೆ ಕೂರಿಸಿ, ಉಳಿದ ಅಂಚನ್ನು ಎತ್ತಿ ಅದರ ಎರಡೂ ಪಕ್ಕಕ್ಕೆ ಶಾಲಿನಂತೆ ಒತ್ತರಿಸಿದಳು. ವಿಭೂತಿ ಇಟ್ಟಳು. ದೃಶ್ಯ ಗಂಭೀರವಾಗಿತ್ತು. ಸರ್ಕಾರಿ ಸನ್ಮಾನಗಳಲ್ಲೂ ನಾನು ಅಷ್ಟು ಗಂಭೀರವಾಗಿ ಕೂತವರನ್ನು ನೋಡಿಲ್ಲ.

ಮೊದಲ ವರ್ಷ ಅದು ಚೆನ್ನಾಗಿ ನಡೆಯಿತು. ಆಮೇಲೆ ನಿಧಾನವಾಗತೊಡಗಿತು. ಎಷ್ಟು ನಿಧಾನವೆಂದರೆ, ಗುಂಡಿ ಒತ್ತಿ ಎಸರಿಗಿಟ್ಟು ಬಂದರೆ ಎಸರು ಮೊದಲು ಕುದಿಯುತ್ತಿತ್ತು. ವಿಡಿಯೊ ಕತ್ತರಿಸುವ ಕೆಲಸಕ್ಕೆ ಹಚ್ಚಿದರಂತೂ ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗಲು ಶುರುವಾಗುತ್ತಿತ್ತು. ಗಾಣದ ಎತ್ತಿನ ತಾಳ್ಮೆ ಅದಕ್ಕೆ. ಅದು ತಿರುಗುವಷ್ಟು ಹೊತ್ತೂ ಹಜಾರದ ತುಂಬ ಬೆಚ್ಚನೆಯ ಕುರಿವಾಸನೆ ಹರಡುತ್ತಿತ್ತು. ಬೇರೆ ಯಾರ ಮನೆಯಲ್ಲಾದರೂ ಗಾಬರಿಬಿದ್ದು ಕಿಟಕಿ ತೆರೆಯುತ್ತಿದ್ದರು. ಅವ್ವ ಮಾತ್ರ ಕಣ್ಣು ಮುಚ್ಚಿ ಉಸಿರೆಳೆದು, 'ನಮ್ ಹಟ್ಟೀಲಿ ಕುಂತಂಗಾಯ್ತದೆ ಕಣ್ಲಾ' ಎನ್ನುತ್ತಿದ್ದಳು. ನನಗೂ ಆ ವಾಸನೆಯಲ್ಲಿ ದೋಷವೇನೂ ಕಂಡಿರಲಿಲ್ಲ. ಹುಟ್ಟಿದಾಗಿನಿಂದ ಮೂಗಿನಲ್ಲಿರುವುದನ್ನು ಯಾರು ಪರೀಕ್ಷಿಸುತ್ತಾರೆ?

ಹೆಂಡತಿ ಕೆಲವು ವಾರ ಚಕ್ರವನ್ನು ನೋಡಿದಳು. ಒಂದು ಭಾನುವಾರ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ, 'ನಾನು ಶಿರಾಕ್ಕೆ ಹೋಗ್ಬರ್ತೀನಿ. ತಂಗಿ ಮನೇಲಿ ಹೊಸ ಕಂಪ್ಯೂಟರ್ ತಂದವ್ರಂತೆ' ಎಂದಳು. ಬಡವನಹಳ್ಳಿ ದಾಟಿ ಹೋಗುವ ಬಸ್ಸು ಹತ್ತಿ ಹೊರಟೇಬಿಟ್ಟಳು.

ತಂಗಿಯ ಗಂಡನೆಂದರೆ ನನ್ನ ಷಡ್ಡಕ. ಈ ಸಂಬಂಧದ ವಿಶೇಷವೇನೆಂದರೆ ಇಬ್ಬರು ಗಂಡಸರನ್ನು ಅವರ ತಪ್ಪಿಲ್ಲದೆ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂರಿಸಿ, ಆಯಸ್ಸು ಪೂರ್ತಿ ತೂಗುತ್ತಾರೆ. ಅಳಿಯಂದಿರ ಪೈಕಿ ಹಿರಿಯನಾದರೂ ನನ್ನ ತಟ್ಟೆ ಮೇಲೇ ಇರುತ್ತಿತ್ತು. ಅವನಿಗೆ ಶಿರಾದಲ್ಲಿ ಪಾತ್ರೆ ಅಂಗಡಿ. ಅಂಗಡಿಯ ಲೆಕ್ಕಕ್ಕೆಂದು ಕಂಪ್ಯೂಟರ್ ತಂದಿದ್ದ. ಲೆಕ್ಕ ಈಗಲೂ ಬಾಯಲ್ಲೇ. ಬಾಯಿ ಅವನದು ದೊಡ್ಡದು. ಅದರಲ್ಲಿ ಲೆಕ್ಕವೂ ಹಿಡಿಸುತ್ತದೆ, ಊಟವೂ ಹಿಡಿಸುತ್ತದೆ, ಹೊಗಳಿಕೆಯೂ ಹಿಡಿಸುತ್ತದೆ.

ಅಂದು ಸಂಜೆ ಹೆಂಡತಿ ಮರಳುವುದರೊಳಗೆ ಹೊಸ ವಿಡಿಯೊ ಪ್ರಕಟವಾಗಿತ್ತು. ಮೊಬೈಲಿನಲ್ಲಿ ನೋಡಿದೆ. ಅದು ಶಿರಾದ ಅಡುಗೆಕೋಣೆ. ಹಿಂದೆ ಹೊಳೆಹೊಳೆಯುವ ಪಾತ್ರೆಗಳು. ಅವರೆಕಾಳಿನ ಹಿತಕಿದ ಬೇಳೆ ಸಾರು. ಕೊನೆಗೆ ನನ್ನ ಜಾಗದಲ್ಲಿ ಷಡ್ಡಕ. ಮುದ್ದೆ ಮುರಿದ. ಸಾರಿನಲ್ಲಿ ಹೊರಳಿಸಿದ. ನುಂಗಿದ. ಕಣ್ಣು ಮುಚ್ಚಿದ. ಎಷ್ಟೋ ಹೊತ್ತು ತೆರೆಯಲೇ ಇಲ್ಲ. ಆಮೇಲೆ ಎದೆಯ ಮೇಲೆ ಕೈಯಿಟ್ಟು, 'ಅಕ್ಕಾ... ಇದು ಸಾರಲ್ಲ ಕಣಕ್ಕಾ, ಸಾಕ್ಷಾತ್ ಖುಷಿ! ಏಕ್ದಂ ಖುಷಿ! ನಮ್ಮಣ್ಣ ದಿನಾ ಇದುನ್ನ ತಿಂದೂ ಮುಖ ಅಂಗ್ಯಾಕೆ ಇಟ್ಕಂಡವ್ರೆ ಅಂತೀನಿ!' ಎಂದ.

ಆಗ ಕ್ಯಾಮೆರಾದ ಹಿಂದಿನಿಂದ ಒಂದು ನಗು ಕೇಳಿಸಿತು. ನನ್ನ ಹೆಂಡತಿಯದು. ಬಾಯಿಗೆ ಸೆರಗು ಒತ್ತಿದರೂ ನಿಲ್ಲದ ನಗು. ಚಿತ್ರ ಕೂಡ ಅಲುಗಿತು.

ಅವನು ನುಂಗಿದ್ದು ನನಗೆ ಅಷ್ಟಾಗಿ ಸಂಕಟ ಮಾಡಲಿಲ್ಲ. ಆ ನಗು ಮಾಡಿತು. ನಮ್ಮ ಮನೆಯ ವಿಡಿಯೊಗಳನ್ನೆಲ್ಲ ಮತ್ತೆ ಹಾಕಿ ಕೇಳಿದೆ. ನಾನು 'ಖಾರ ಒಪ್ಪತಕ್ಕದ್ದಾಗಿದೆ' ಎಂದ ಮೇಲೆ ಕ್ಯಾಮೆರಾದ ಹಿಂದೆ ಕುಕ್ಕರಿನ ಸೀಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಈ ಹೆಂಗಸು ಹೀಗೆ ನಗುತ್ತಾಳೆಂಬುದು ನನಗೆ ಗೊತ್ತಿತ್ತು. ಯಾವಾಗ ಕೊನೆಯ ಸಲ ಕೇಳಿದ್ದೆನೆಂಬುದು ಮಾತ್ರ ನೆನಪಿಗೆ ಬರಲಿಲ್ಲ.

ಮುಂದಿನ ಭಾನುವಾರವೂ ಶಿರಾ. ಅದರ ಮುಂದಿನದೂ. ವೀಕ್ಷಕರು ಷಡ್ಡಕನನ್ನು 'ಖುಷಿ ಅಣ್ಣ' ಎಂದು ಕರೆಯತೊಡಗಿದರು. ಹಳೆಯ ಯಜಮಾನರು ಎಲ್ಲಿ ಹೋದರೆಂದು ಒಬ್ಬರೂ ಕೇಳಲಿಲ್ಲ. ಪ್ರತಿದಿನ ನೋಡುತ್ತಿದ್ದೆ. ಕೇಳಲಿಲ್ಲ.

ಕಂಪ್ಯೂಟರ್ ಸರಿಹೋದರೆ ಹೆಂಡತಿ ಮನೆಯಲ್ಲೇ ಉಳಿಯುತ್ತಾಳೆ, ಮನೆಯಲ್ಲೇ ಉಳಿದರೆ ಕುರ್ಚಿ ನನ್ನದು. ತರ್ಕ ಇಷ್ಟು ಸರಳವಾಗಿತ್ತು. ಹೀಗಾಗಿ ನಾನು, ಜೀವಮಾನವಿಡೀ ಸರಪಳಿ ಹಿಡಿದು ಹೊಲ ಅಳೆದವನು, ಒಂದು ಡಬ್ಬದ ಜಡತ್ವದ ಬಗ್ಗೆ ತನಿಖೆ ಕೈಗೊಂಡೆ.

ಮೊದಲು ಆರಿಸಿ ಮತ್ತೆ ಹಚ್ಚಿದೆ. ಎಲ್ಲ ಪಂಡಿತರೂ ಮೊದಲು ಹೇಳುವ ಮದ್ದು ಅದೇ. ಅದು ಎದ್ದು, ಮೊದಲಿಗಿಂತ ಗಂಭೀರವಾಗಿ ಕೂತಿತು. ವೈರಸ್ಸಿನ ಶೋಧ ನಡೆಸಿದೆ. ಇಡೀ ದಿನ ಹುಡುಕಿ, ಏನೂ ಸಿಕ್ಕಲಿಲ್ಲವೆಂದು ವರದಿ ಕೊಟ್ಟಿತು. ಬೇಡದ ತಂತ್ರಾಂಶಗಳನ್ನು ಕಿತ್ತೆಸೆದೆ. ಬೇಕಾದದ್ದೂ ಒಂದೆರಡು ಹೋದವು. ಕೊನೆಗೆ, ಒಳಗೆ ಜಾಗ ತುಂಬಿಹೋಗಿದ್ದರೂ ನಿಧಾನವಾಗುತ್ತದೆಂದು ಎಲ್ಲೋ ಓದಿ, ಜಾಗ ಖಾಲಿ ಮಾಡಲು ಕೂತೆ. ಯಾವುದನ್ನು ಮೊದಲು ಅಳಿಸಬೇಕೆಂದು ಹುಡುಕುವಾಗ 'ಶಿರಾ' ಎಂಬ ಕಡತ ಕಣ್ಣಿಗೆ ಬಿತ್ತು. ಹೆಂಡತಿ ಅಲ್ಲಿ ಮಾಡಿದ ವಿಡಿಯೊಗಳನ್ನೆಲ್ಲ ತಂದು ಅದರೊಳಗೆ ಇಟ್ಟಿದ್ದಳು. ಆಡಳಿತಾತ್ಮಕ ಕಾರಣಗಳಿಗಾಗಿ ಅದನ್ನು ಆಯ್ದುಕೊಂಡು ಅಳಿಸುವ ಗುಂಡಿ ಒತ್ತಿದೆ.

ಬೇರೆ ಕಂಪ್ಯೂಟರಾಗಿದ್ದರೆ ಕ್ಷಣದಲ್ಲಿ ಅಳಿಸಿ ಕೈ ತೊಳೆದುಕೊಳ್ಳುತ್ತಿತ್ತು. ನಮ್ಮದು ಲೆಕ್ಕ ಹಾಕುತ್ತ ಕೂತಿತು. ಹಸಿರು ಪಟ್ಟಿಯೊಂದು ಅಕ್ಕಿಯಷ್ಟು ಮುಂದೆ ಬಂತು. ಇನ್ನೊಂದು ಅಕ್ಕಿಯಷ್ಟು ಬರುವ ಹೊತ್ತಿಗೆ ಹೆಂಡತಿ ಮಾರ್ಕೆಟ್ಟಿನಿಂದ ಬಂದು, ಸೊಪ್ಪಿನ ಚೀಲ ಹಿಡಿದುಕೊಂಡೇ ನನ್ನ ಹಿಂದೆ ನಿಂತಳು.

'ಏನ್ರೀ ಅದು?'

'ಜಾಗ ಮಾಡ್ತಿದೀನಿ. ಮಿಷಿನ್ನು ಹಗುರಾಗ್ಲಿ ಅಂತ.'

'ಶಿರಾದ್ದೇ ಯಾಕೆ ಅಳಿಸ್ತಿದೀರಾ?'

'ಅಕ್ಷರಾನುಕ್ರಮದಲ್ಲಿ ಹೊರಟಿದ್ದೆ.'

'ಶ ಮೊದ್ಲು ಬರೋದು ಯಾವ ಅಕ್ಷರಮಾಲೇಲ್ರೀ? ಸರ್ವೆ ಇಲಾಖೇದಾ?'

ನಾನು ಪರದೆಯನ್ನು ನೋಡುತ್ತ ಕೂತೆ. ಅವಳು ಬಗ್ಗಿ, ನಿಲ್ಲಿಸುವ ಗುಂಡಿ ಒತ್ತಿದಳು. ನನ್ನ ದುರದೃಷ್ಟಕ್ಕೆ ಅದೊಂದು ಆಜ್ಞೆಯನ್ನು ಕಂಪ್ಯೂಟರ್ ತಕ್ಷಣ ಪಾಲಿಸಿತು.

'ಹೊಟ್ಟೆಕಿಚ್ಚಿಗೂ ಒಂದ್ ವಯಸ್ಸು ಅಂತ ಇಲ್ವೇನ್ರೀ?' ಎಂದು ಅವಳು ಒಳಗೆ ಹೋದಳು. ಸೊಪ್ಪನ್ನು ಅಗತ್ಯಕ್ಕಿಂತ ಜೋರಾಗಿ ಒದರಿದ ಸದ್ದು ಕೇಳಿಸಿತು.

ಮಾರನೆಯ ದಿನ ಡಬ್ಬವನ್ನು ಗದ್ದಿಗೆಯಿಂದಿಳಿಸಿ, ಬಸ್‌ಸ್ಟ್ಯಾಂಡಿನ ಹತ್ತಿರ ಪಾವಗಡದವನೊಬ್ಬ ಇಟ್ಟಿರುವ ರಿಪೇರಿ ಅಂಗಡಿಗೆ ಆಟೋದಲ್ಲಿ ಒಯ್ದೆ. ಅವನು ಅದನ್ನು ಬಿಚ್ಚದೆಯೇ ತನ್ನ ಗಾಜಿನ ಮೇಜಿನ ಮೇಲಿಟ್ಟು ಹಚ್ಚಿದ. ಅದು ಚಂಗನೆ ಎದ್ದಿತು. ಏನೇನೋ ತೆರೆದ, ಮುಚ್ಚಿದ. ಅದು ಮೇಕೆಮರಿಯಂತೆ ಕುಣಿಯಿತು.

'ಏಮೀ ಲೇದು ಸಾರ್, ಬಾಗುಂದಿ! ಚೆನ್ನಾಗೈತೆ. ಮನೇಲಿ ನಿಮ್ ಕರೆಂಟ್ ಸರಿ ಇಲ್ವೇನೋ ಚೂಸ್ಕೊಳ್ಳಿ' ಎಂದ.

ಡಾಕ್ಟರ ಮುಂದೆ ಜ್ವರ ಇಳಿದ ಮಗುವಿನ ತಂದೆಯಂತೆ ನಾನು ಪೆಚ್ಚಾಗಿ ನಿಂತೆ. ಮನೆಗೆ ತಂದು ಗದ್ದಿಗೆಯ ಮೇಲೆ ಕೂರಿಸಿ, ಅವ್ವ ಅಂಚು ಒತ್ತರಿಸಿ, ವಿಡಿಯೊ ಕೆಲಸಕ್ಕೆ ಹಚ್ಚಿದೆವು. ಸ್ವಲ್ಪ ಹೊತ್ತಿನಲ್ಲೇ ಚಕ್ರ ಬಂತು. ಕುರಿವಾಸನೆ ಬಂತು. ಅವ್ವನಿಗೆ ಹಟ್ಟಿ ನೆನಪಾಯಿತು.

ಉಳಿದದ್ದು ಒಂದೇ ದಾರಿ. ಶತ್ರುವಿನ ಕೋಟೆಯನ್ನು ಒಳಗಿನಿಂದ ನೋಡುವುದು. ಆ ಭಾನುವಾರ ನಾನೂ ಹೆಂಡತಿಯ ಜೊತೆ ಶಿರಾಕ್ಕೆ ಹೊರಟೆ.

ಷಡ್ಡಕ ಬಾಗಿಲಲ್ಲೇ ತಬ್ಬಿಕೊಂಡ. 'ಬನ್ನಿ ಅಣ್ಣಾ! ನಮ್ ಚಾನೆಲ್ ನೋಡಾಕ್ ಬಂದ್ರಾ?'

'ನಮ್ ಚಾನೆಲ್' ಎಂಬುದನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅವನ ಕಂಪ್ಯೂಟರು ಇದ್ದ ಸ್ಥಿತಿ ನೋಡಿ ನನಗೆ ನಿಜವಾಗಿ ಬೇಸರವಾಯಿತು. ಗೋಡೆಗೆ ಹೊಂದಿಸಿದ ಬೋಳು ಕಡಪಾಕಲ್ಲು. ಅದರ ಮೇಲೆ, ಹಾಸಿಲ್ಲದೆ ಹೊದಿಕೆಯಿಲ್ಲದೆ, ಆ ಡಬ್ಬ. ಪಕ್ಕದಲ್ಲಿ ಒಂದು ಸ್ಟೀಲ್ ಬಕೆಟ್ಟು. ಇಷ್ಟು ಅನಾಥವಾಗಿ ಇಟ್ಟುಕೊಂಡ ವಸ್ತು ಅಷ್ಟು ಚುರುಕಾಗಿ ಓಡುವುದು ನನಗೆ ಅನ್ಯಾಯವೆನಿಸಿತು. ನಾವು ಇಷ್ಟು ಮರ್ಯಾದೆ ಮಾಡಿ ಕೂರಿಸಿದರೆ ಅದು ತೂಕಡಿಸುತ್ತದೆ. ಇವನು ಬಕೆಟ್ಟಿನ ಪಕ್ಕ ಇಟ್ಟಿದ್ದಾನೆ, ಕುದುರೆಯಂತಿದೆ. ಷಡ್ಡಕನಂಥವರ ಬದುಕೇ ಹೀಗೆ. ಹೊಲ ಉತ್ತವನು ನಾನು, ಮಳೆ ಬರುವುದು ಅವನ ಹೊಲಕ್ಕೆ.

ಎಲ್ಲರೂ ಅಡುಗೆಕೋಣೆಯಲ್ಲಿದ್ದಾಗ ನಾನು ಡಬ್ಬವನ್ನು ಪರೀಕ್ಷಿಸಿದೆ. ಮೇಲೆ ಕೈಯಾಡಿಸಿದೆ. ತಣ್ಣಗಿತ್ತು. ಪಕ್ಕದಲ್ಲಿ ಸವರಿದೆ. ತಣ್ಣಗಿತ್ತು. ಬೆನ್ನ ಹಿಂದೆ ಅಂಗೈ ಇಟ್ಟೆ. ತಂಗಾಳಿಯೊಂದು ಬೀಸುತ್ತಿತ್ತು. ಅಷ್ಟರಲ್ಲಿ ಹೆಂಡತಿಯ ತಂಗಿ ಉಪ್ಪಿನ ಡಬ್ಬಿ ಹುಡುಕುತ್ತ ಬಂದಳು.

'ಭಾವ, ಅದುನ್ನ ಯಾಕೆ ಅಂಗೆ ನೇವರಿಸ್ತಿದೀರಾ?'

'ಧೂಳಿದೆಯೇನೋ ಅಂತ.'

'ಬೆಳಿಗ್ಗೆ ಒರೆಸಿದೀನಿ ಭಾವ' ಎಂದು ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಹೋದಳು.

ಅಂದು ಒತ್ತುಶಾವಿಗೆ, ಕಾಯಿಹಾಲು. ಷಡ್ಡಕ ಕ್ಯಾಮೆರಾ ಮುಂದೆ ಕೂತು ಒಂದು ಎಳೆಯನ್ನು ತುಟಿಯಿಂದ ಒಳಗೆ ಸರ್ರನೆ ಎಳೆದುಕೊಂಡ. ಅದರ ತುದಿ ಅವನ ಮೂಗಿಗೆ ಹೊಡೆಯಿತು. ಹೆಂಡತಿ ನಕ್ಕಳು. ತಂಗಿಯೂ ನಕ್ಕಳು. ನಾನು ಒಲೆಯ ಮೇಲಿನ ಪಾತ್ರೆಗಳನ್ನು ನೋಡುತ್ತ ನಿಂತಿದ್ದೆ. ಆ ಎಳೆ ಮೂಗಿಗೆ ಹೊಡೆದದ್ದು ಅಕಸ್ಮಾತ್ತಲ್ಲ, ಹಿಂದಿನ ದಿನವೇ ಅಭ್ಯಾಸ ಮಾಡಿದ್ದಾನೆಂದು ನಾನು ಇಂದಿಗೂ ನಂಬಿದ್ದೇನೆ.

ಮರಳುವ ಬಸ್ಸಿನಲ್ಲಿ ನನ್ನ ಶೋಧವನ್ನು ಹೆಂಡತಿಗೆ ಹೇಳಿದೆ. 'ಅವನ ಕಂಪ್ಯೂಟರು ತಣ್ಣಗಿರುತ್ತೆ. ನಮ್ಮದು ಕಾದಿರುತ್ತೆ.'

'ಹೂಂ. ಅದಕ್ಕೆ?'

'ಅದಕ್ಕೆ ನಮ್ಮ ಬೆಟ್ಟ ಕಾರಣ. ಇಡೀ ಒಂದೇ ಬಂಡೆ, ಹಗಲೆಲ್ಲ ಕಾಯುತ್ತೆ. ಆ ಕಾವು ಊರಿಗೆ ಬಿಡುತ್ತೆ. ಶಿರಾದಲ್ಲಿ ಬೆಟ್ಟ ಎಲ್ಲಿದೆ?'

ಅವಳು ಕಿಟಕಿಯಾಚೆ ನೋಡಿದಳು. 'ಬೆಟ್ಟಾನ ಬೇರೆ ಕಡೆ ಇಡಾಕ್ ಆಗುತ್ತಾ ಕೇಳ್ನೋಡಿ' ಎಂದಳು.

ಬೆಟ್ಟ ಕದಲದಿದ್ದರೂ ಶಾಖದ ಮಾತು ಅವ್ವನ ಕಿವಿಗೆ ಬಿತ್ತು. ಡಬ್ಬ ಕೆಲಸದಲ್ಲಿದ್ದಾಗ ಬಂದು ಅದರ ನೆತ್ತಿಯ ಮೇಲೆ ಕೈಯಿಟ್ಟು ನೋಡಿದಳು.

'ಅಯ್ಯೋ ಶಿವ್ನೇ! ಮೈ ಕಾದ ಹೆಂಚಾಗದಲ್ಲೋ! ಇಂಗೆ ಜ್ವರ ಬಂದೈತೆ, ನೀವಿಬ್ರೂ ಊರೂರು ತಿರುಗ್ತಿದೀರಾ!'

'ಮಿಷಿನ್ನಿಗೆ ಜ್ವರ ಬರಲ್ಲ ಕಣವ್ವ.'

'ಮತ್ತೆ ಯಾಕ್ಲಾ ಸುಡ್ತದೆ? ಯಾಕ್ ಮಂಕಾಗಿ ಕುಂತದೆ? ನಿಂಗೂ ಚಿಕ್ಕುಡುಗ ಆಗಿದ್ದಾಗ ಇಂಗೇ ಆಗಿತ್ತು. ಕಂಬ್ಳಿ ಹೊದ್ಸಿ ಬೆವರಿಳಿಸ್ದೆ, ಬೆಳಿಗ್ಗೆ ಎದ್ದು ಮುದ್ದೆ ಕೇಳ್ದೆ.'

ಹೀಗೆಂದು ಪೆಟ್ಟಿಗೆಯಿಂದ ಇನ್ನೊಂದು ಕಂಬಳಿ ತೆಗೆದು, ಡಬ್ಬದ ತಲೆಯಿಂದ ಕೆಳಗಿನವರೆಗೆ ಹೊದಿಸಿದಳು. ಮುಂದಿನ ಸಣ್ಣ ದೀಪ ಮಾತ್ರ ಮುಸುಕಿನೊಳಗಿಂದ ಇಣುಕುತ್ತಿತ್ತು. ನಾನು ತಡೆಯಲಿಲ್ಲ. ಎಲ್ಲ ವಿದ್ಯೆಯೂ ಕೈಕೊಟ್ಟಾಗ ಮನುಷ್ಯ ತಾಯಿಯ ಮಾತಿಗೆ ಬರುತ್ತಾನೆಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ದಿನ ಹೆಂಡತಿ ಹುರುಳಿಕಾಳಿನ ವಿಡಿಯೊವೊಂದನ್ನು ಮುಗಿಸಲು ಕೂತಳು. ಆಗಷ್ಟೇ ಊಟ ಮುಗಿದು ಹಜಾರದಲ್ಲಿ ಬಿಸಿಲು ಬಿದ್ದಿತ್ತು. ಕೆಲಸ ಅರ್ಧಕ್ಕೆ ಬಂದಿತ್ತೇನೋ. ಡಬ್ಬ ಒಮ್ಮೆ ದೀರ್ಘವಾಗಿ ನರಳಿತು. ಪರದೆ ಕಪ್ಪಾಯಿತು. ಮತ್ತೆ ಹಚ್ಚಿದರೂ ಹತ್ತಲಿಲ್ಲ. ಮುಸುಕಿನೊಳಗಿಂದ, ಒಂದು ಮಂದೆಯನ್ನೇ ಮಳೆಯಲ್ಲಿ ನೆನೆಸಿ ಒಲೆಯ ಮುಂದೆ ಕೂರಿಸಿದಂಥ ವಾಸನೆ ಎದ್ದಿತು.

ಹೆಂಡತಿ ಕುರ್ಚಿ ಹಿಂದಕ್ಕೆ ತಳ್ಳಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

'ಸಾಕು ಕಣ್ರೀ. ಇನ್ಮೇಲೆ ಎಲ್ಲಾ ಅಲ್ಲೇ ಮಾಡ್ತೀನಿ. ವಾರದಲ್ಲಿ ಎರಡು ದಿನ ಹೋಗಿ ಅಲ್ಲೇ ಇದ್ದು ಬರ್ತೀನಿ. ಅವನೂ ಹೇಳ್ತಿದ್ದ, ಚಾನೆಲ್ ಹೆಸರ್ನೇ ಶಿರಾ ಅಡಿಗೆಮನೆ ಅಂತ ಬದಲಾಯಿಸಾಣ ಅಂತ.'

'ನೀನೇನಂದೆ?'

'ಏನ್ ಅನ್ಲಿ? ಇಲ್ಲಿ ಏನೈತೆ?'

ಇಲ್ಲಿ ನಾನಿದ್ದೆ. ಹೇಳಬೇಕೆನಿಸಿತು, ಹೇಳಲಾಗಲಿಲ್ಲ. ಅಳತೆ ಮಾಡಿ ಬದುಕಿದವರಿಗೆ ಇಂಥ ಮಾತು ಬಾಯಿಗೆ ಬರುವುದಿಲ್ಲ. ಬದಲಿಗೆ ನಾನು, 'ಆ ವಾಸನೆ ಶಿರಾದಲ್ಲಿ ಇರಲಿಲ್ಲ' ಎಂದೆ.

'ಯಾವ ವಾಸ್ನೆ?'

'ಕುರಿ ವಾಸನೆ. ಅವನ ಡಬ್ಬದಿಂದ ಗಾಳಿ ಬರುತ್ತಿತ್ತು. ವಾಸನೆ ಬರುತ್ತಿರಲಿಲ್ಲ.'

ಅವಳು ನನ್ನ ಮುಖ ನೋಡಿದಳು. ಆಮೇಲೆ ಮುಸುಕು ಹೊದ್ದು ಕೂತ ಡಬ್ಬವನ್ನು ನೋಡಿದಳು. 'ನಮ್ಮನೇಲಿ ಕುರಿ ಎಲ್ಲೈತ್ರೀ?' ಎಂದು ನಿಧಾನವಾಗಿ ಕೇಳಿದಳು. ಅಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಕಂಬಳಿ ಸರಿಸಿ, ಡಬ್ಬವನ್ನು ಗೋಡೆಯ ಸ್ವಿಚ್ಚಿನಿಂದ ಬಿಡಿಸಿ, ನೆಲಕ್ಕಿಳಿಸಿದೆವು. ತಣ್ಣಗಾಗುವವರೆಗೆ ಕಾದು ನಾನು ತಿರುಪುಗಳನ್ನು ಬಿಚ್ಚಿದೆ. ಅವಳು ಮೊಬೈಲಿನ ಬೆಳಕು ಹಿಡಿದಳು. ಪಕ್ಕದ ತಗಡು ಬಿಟ್ಟುಕೊಂಡಿತು.

ಒಳಗೆ ಗಾಳಿ ಬೀಸುವ ಸಣ್ಣ ಬೀಸಣಿಗೆಯೊಂದು ಇರುತ್ತದಂತೆ. ನಮಗೆ ಬೀಸಣಿಗೆ ಕಾಣಲಿಲ್ಲ. ಕಂಡದ್ದು ಉಣ್ಣೆ. ಗದ್ದಿಗೆಯ ಕರಿಕಂಬಳಿಯಿಂದ ಉದುರಿದ ಕೂದಲನ್ನೆಲ್ಲ ಡಬ್ಬ ದಿನದಿನವೂ ಒಳಗೆ ಎಳೆದುಕೊಂಡು, ಸುತ್ತಿ, ಒತ್ತಿ, ಕಾಯಿಸಿ, ಹದ ಮಾಡಿತ್ತು. ಅಲಗುಗಳ ಸುತ್ತ ಅದು ದಟ್ಟವಾಗಿ ಹೆಣೆದುಕೊಂಡಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಯಂತ್ರ ತನ್ನಷ್ಟಕ್ಕೆ ತಾನೇ ಒಂದು ಕಂಬಳಿ ನೇಯ್ದು ಮುಗಿಸುತ್ತಿತ್ತು. ಉಸಿರಾಡಲು ಬಿಟ್ಟಿದ್ದ ಪಕ್ಕದ ತೂತುಗಳೂ, ಅವ್ವ ಒತ್ತರಿಸಿದ ಅಂಚಿನ ಕಡೆ, ಪೂರಾ ಮುಚ್ಚಿದ್ದವು. ಎದೆಗೆ ಉಣ್ಣೆ ತುಂಬಿ, ಮೈಗೆ ಕಂಬಳಿ ಹೊದಿಸಿ, ಬೇಗ ಕೆಲಸ ಮಾಡು ಎಂದು ನಾವು ಅದನ್ನು ಬೈಯುತ್ತಿದ್ದೆವು.

ನಾನು ಎರಡು ಬೆರಳು ಹಾಕಿ ಎಳೆದೆ. ಮರಿಯ ಕಿವಿಯಂಥ ಒಂದು ತುಂಡು ಹೊರಬಂತು. ಅದನ್ನು ಬೆಳಕಿಗೆ ಹಿಡಿದು, ನನ್ನ ಅಭ್ಯಾಸದ ದನಿಯಲ್ಲೇ, 'ಉಣ್ಣೆ ಒಪ್ಪತಕ್ಕದ್ದಾಗಿದೆ' ಎಂದೆ.

ತಮಾಷೆ ಮಾಡಬೇಕೆಂದು ಹೇಳಿದ್ದಲ್ಲ. ಬಾಯಿಗೆ ಬಂದದ್ದು ಅಷ್ಟೇ. ಆದರೆ ಹೆಂಡತಿ ಕೈಯಲ್ಲಿದ್ದ ಬೆಳಕು ಅಲುಗತೊಡಗಿತು. ನಗು ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಆಮೇಲೆ ಮೈಯೆಲ್ಲ. ಗೋಡೆಗೊರಗಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಆ ತುಂಡು ನೋಡಿ, ಮತ್ತೆ ನಕ್ಕಳು. ಕ್ಯಾಮೆರಾ ಇರಲಿಲ್ಲ. ಷಡ್ಡಕ ಇರಲಿಲ್ಲ. ನಾನು ಇನ್ನೊಂದು ತುಂಡು ಎಳೆದೆ. ಇನ್ನೂ ಒಂದು. ಒಳಗೆ ಉಣ್ಣೆ ಮುಗಿಯದಿದ್ದರೆ ಚೆನ್ನಾಗಿತ್ತೆಂದು ಅನಿಸಿತು.

ನಗು ಕೇಳಿ ಅವ್ವ ಬಂದಳು. ನೆಲದ ಮೇಲಿನ ಉಣ್ಣೆಯನ್ನು ಎತ್ತಿ, ಬೆರಳಲ್ಲಿ ಹೊಸೆದು, 'ನಮ್ಮೋರ ಕಂಬ್ಳೀದೇ ಕಣ್ಲಾ. ಒಳುಗ್ ಹೆಂಗ್ ಹೋಯ್ತು?' ಎಂದಳು.

'ಅದು ಉಸಿರಾಡೋವಾಗ ಎಳ್ಕೊಂಡೈತೆ ಅತ್ತೆ. ಇನ್ಮೇಲೆ ಗದ್ದಿಗೆ ಬ್ಯಾಡ. ಬರೀ ಮೇಜಿನ ಮೇಲೆ ಇರ್ಲಿ' ಎಂದಳು ಹೆಂಡತಿ.

ಅವ್ವ ಎರಡೂ ಕಂಬಳಿಗಳನ್ನು ಕೊಡವಿ, ಮಡಿಸಿ, ಪೆಟ್ಟಿಗೆಗೆ ಹಾಕಿ, ಮುಚ್ಚಳವನ್ನು ಜೋರಾಗಿ ಮುಚ್ಚಿದಳು. ಅಂದಿನಿಂದ ನಮ್ಮಿಬ್ಬರ ಜೊತೆ ಬೇಕಾದಷ್ಟು ಮಾತ್ರ ಮಾತು.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೀಸಣಿಗೆಯನ್ನು ಶುಚಿ ಮಾಡಿ, ಡಬ್ಬ ಮುಚ್ಚಿ, ಬೋಳು ಮೇಜಿನ ಮೇಲಿಟ್ಟು ಹಚ್ಚಿದೆವು. ಎಸರಿಗಿಡಲು ಹೋದವಳು ಒಲೆ ಹಚ್ಚುವುದರೊಳಗೆ ಅದು ಎದ್ದು ಕೂತಿತ್ತು. ಹುರುಳಿಕಾಳಿನ ವಿಡಿಯೊ ಆ ಸಂಜೆಯೇ ಮುಗಿಯಿತು. ಹೆಂಡತಿ ತಂಗಿಗೆ ಫೋನು ಮಾಡಿ, ಮುಂದಿನ ಭಾನುವಾರ ಶೂಟಿಂಗು ಮಧುಗಿರಿಯಲ್ಲೇ ಎಂದು ತಿಳಿಸಿದಳು. ನಾನು ನೀಲಿ ಕುರ್ಚಿಯನ್ನು ತೊಳೆದು, ಸೊಟ್ಟ ಕಾಲಿನ ಕೆಳಗೆ ರಟ್ಟು ಮಡಿಸಿಟ್ಟೆ.

ಆ ಭಾನುವಾರ ಷಡ್ಡಕ ಹೆಂಡತಿ ಸಮೇತ ಬಂದಿಳಿದ. ಕರೆದವರು ಯಾರೆಂದು ನಾನು ಕೇಳಲಿಲ್ಲ. ಡಬ್ಬವನ್ನು ನೋಡಿ, 'ಅಣ್ಣಾ, ಒಳಗೆ ಮಂದೇನೇ ಸಾಕಿದ್ರಂತೆ! ಒಂದ್ ಮರಿ ನಮ್ಗೂ ಕೊಡ್ರೀ!' ಎಂದ. ಮನೆಯವರೆಲ್ಲ ನಕ್ಕರು. ಆ ನಗುವಿನ ಮೂಲ ಕೃತಿ ನನ್ನದೆಂದು ಅಲ್ಲಿ ಹೇಳುವಂತಿರಲಿಲ್ಲ.

ಹುಣಸೆಚಿಗುರಿನ ಬಸ್ಸಾರು ತಯಾರಾಯಿತು. ಮುದ್ದೆ ಬಂತು. ಹೆಂಡತಿ ಮೊಬೈಲನ್ನು ಕಡ್ಡಿಗೆ ಸಿಕ್ಕಿಸಿ ಚಾಲೂ ಮಾಡಿದಳು. ನಾನು ಹಿತ್ತಲಿಗೆ ಹೋಗಿ ಕೈ ತೊಳೆದು ಬಂದೆ. ಬಂದು ನೋಡಿದರೆ ಷಡ್ಡಕನೂ ನಲ್ಲಿಯಲ್ಲಿ ಕೈ ತೊಳೆದು, ನೀರು ಕೊಡವುತ್ತ ಕುರ್ಚಿಯ ಆಚೆ ಬದಿಗೆ ನಿಂತಿದ್ದಾನೆ.

'ಕೂತ್ಕೊಳ್ಳಿ ಅಣ್ಣಾ' ಎಂದ, ಕುರ್ಚಿಯ ಕೈ ಹಿಡಿದುಕೊಂಡೇ.

'ಇಲ್ಲ, ನೀನು ಅತಿಥಿ, ಕೂತ್ಕೋ' ಎಂದೆ, ಇನ್ನೊಂದು ಕೈ ಹಿಡಿದುಕೊಂಡು.

'ಹಿರೇರು ನೀವು.'

'ಜನ ಕೇಳೋದು ನಿನ್ನನ್ನ.'

ಇಬ್ಬರೂ ಬಿಡಲಿಲ್ಲ. ಹೆಂಡತಿ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅವ್ವ ಆಗ ಒಳಗೆ ಬಂದಳು. ನಮ್ಮಿಬ್ಬರ ನಡುವೆ ನುಗ್ಗಿ ಕುರ್ಚಿಯ ಮೇಲೆ ಕೂತಳು.

'ಮುದ್ದೆ ಆರೋಗ್ತದೆ, ಇಬ್ರೂ ಎತ್ಗೊಳಂಗೆ ಎಳೀತಾ ನಿಂತವ್ರೆ. ತತ್ತಾರಮ್ಮಿ ಇತ್ಲಾಗೆ. ನನ್ ಗದ್ದಿಗೆ ಕಿತ್ತಾಕಿದ್ರಿ, ಕುಂತ್ಕಳಾಕೆ ಇದಾದ್ರೂ ಇರ್ಲಿ.'

ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದಳು. ಕ್ಯಾಮೆರಾದ ಕಡೆ ನೋಡಲೇ ಇಲ್ಲ. 'ಉಪ್ಪು ಕಮ್ಮಿ. ಒಗ್ಗರ್ಣೆ ಸೀದದೆ. ಬೆಳ್ಳುಳ್ಳಿ ಮುಖಾನೇ ತೋರ್ಸಿಲ್ಲ. ಯಾರ್ ಮಾಡಿದ್ದು ಇದು?' ಎಂದಳು. ಆಮೇಲೆ ತಟ್ಟೆ ಖಾಲಿ ಮಾಡಿ, ಇನ್ನೊಂದು ಮುದ್ದೆ ಹಾಕಲು ಹೇಳಿದಳು.

ಹೆಂಡತಿ ಅದರಲ್ಲಿ ಒಂದು ಮಾತನ್ನೂ ಕತ್ತರಿಸದೆ ಪ್ರಕಟಿಸಿದಳು. ಖುಷಿ ಅಣ್ಣನಿಗೆ ಬಂದುದಕ್ಕಿಂತ ಹೆಚ್ಚು ಜನ ನೋಡಿದರು. ಅಜ್ಜಿಯನ್ನೇ ಕೂರಿಸಿ ಎಂದು ಬರೆದರು.

ಈಗ ಎಲ್ಲ ವಿಡಿಯೊಗಳನ್ನೂ ಮಧುಗಿರಿಯ ಮನೆಯಲ್ಲೇ ಮಾಡುತ್ತಾರೆ. ರುಚಿ ನೋಡುವವಳು ಅವ್ವ. ಷಡ್ಡಕನೂ ನಾನೂ ಕ್ಯಾಮೆರಾ ಆರಿಸಿದ ಮೇಲೆ ಉಣ್ಣುತ್ತೇವೆ.